ದಿನಾ ನೂರು ಚೆಂಡು ಹೊಡೆದರೂ ಸ್ಲೈಸ್ ಹೋಗುತ್ತಿಲ್ಲ, ಅನುಭವ ಇದ್ದವರು ಹೇಳಿ

ವಿದ್ಯಾನಗರ, ಹುಬ್ಬಳ್ಳಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಗಾಲ್ಫ್ ಹಚ್ಚಿಕೊಂಡೆ. ಈಗ ಎರಡು ವರ್ಷದಿಂದ ಮನೆಯಿಂದಲೇ ಕೆಲಸ, ಊರಿಗೆ ಬಂದಿದ್ದೇನೆ. ಮಾಳಿಗೆ ಮೇಲೆ ಬಲೆ ಕಟ್ಟಿ, ಮ್ಯಾಟ್ ಹಾಸಿ, ದಿನಾ ಬೆಳಿಗ್ಗೆ ನೂರು ಚೆಂಡು ಹೊಡೆಯುತ್ತೇನೆ. ಎರಡು ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋದಾಗ ಕೋಚ್ ಹತ್ತಿರ ಒಂದು ತಾಸು ಕಲಿಯುತ್ತೇನೆ. ಉಳಿದ ದಿನ ಮೊಬೈಲಿನಲ್ಲಿ ವಿಡಿಯೊ. ಒಬ್ಬರು ಮೊಣಕೈ ಒಳಗಿರಲಿ ಅಂತಾರೆ, ಇನ್ನೊಬ್ಬರು ಮೊದಲು ಸೊಂಟ ತಿರುಗಿಸು ಅಂತಾರೆ. ನನ್ನ ಡ್ರೈವ್ (ದೂರ ಹೊಡೆಯುವ ಮೊದಲ ಹೊಡೆತ) ಮಾತ್ರ ಕುಡುಗೋಲಿನ ಹಾಗೆ ಬಲಕ್ಕೆ ಬಾಗುತ್ತಲೇ ಇದೆ, ಇದನ್ನೇ ಸ್ಲೈಸ್ ಅನ್ನುವುದು. ಬಲಗೈ ಆಟ, ವಯಸ್ಸು 38. ಇನ್ನೂ ಜಾಸ್ತಿ ಹೊಡೆಯಬೇಕಾ? ಕೋಚ್ ಬದಲಿಸಬೇಕಾ? ಗಾಲ್ಫ್ ಮೈದಾನದಿಂದ (ಕೋರ್ಸಿನಿಂದ) ದೂರ ಇದ್ದುಕೊಂಡೇ ಆಟ ಸುಧಾರಿಸಿಕೊಂಡವರು ದಯವಿಟ್ಟು ಬರೆಯಿರಿ.

ಸಪ್ತಾಪುರ, ಧಾರವಾಡ

ನಿಮ್ಮ ಪ್ರಶ್ನೆ ಓದಿ ನನ್ನ ಮೊದಲ ಮೂರು ವರ್ಷ ನೆನಪಾದವು. ನಾನೂ ಎಣಿಸಿ ಎಣಿಸಿ ಹೊಡೆಯುತ್ತಿದ್ದೆ. ಬೆವರು ಬಂತು, ಆಟ ಬರಲಿಲ್ಲ.

ಮೊದಲು ಒಂದು ಮಾತು. ಬಲೆಗೆ ಹೊಡೆದ ಚೆಂಡು ಹತ್ತು ಅಡಿಯಲ್ಲಿ ನಿಂತುಬಿಡುತ್ತದೆ. ಅದು ಬಾಗಿತಾ, ನೆಟ್ಟಗೆ ಹೋಯಿತಾ ನಿಮಗೆ ಗೊತ್ತಾಗುವುದೇ ಇಲ್ಲ. ಅಂದರೆ ನೂರು ಸಲ ಹೊಡೆದು ನೂರು ಸಲವೂ ಉತ್ತರ ಕೇಳದೆ ಒಳಗೆ ಬರುತ್ತಿದ್ದೀರಿ. ಒಂದೊಂದು ಚೆಂಡೂ ನಿಮಗೆ ಏನಾದರೂ ಹೇಳುವಂತೆ ಮಾಡಿಕೊಳ್ಳಿ. ಹೇಳದ ಚೆಂಡನ್ನು ಹೊಡೆಯಲೇಬೇಡಿ.

ಸ್ಲೈಸ್ ಯಾಕೆ ಆಗುತ್ತದೆ ಎಂಬುದನ್ನೂ ಸರಿಯಾಗಿ ತಿಳಿದುಕೊಳ್ಳಿ. ಚೆಂಡು ಯಾವ ಕಡೆ ಹೊರಡುತ್ತದೆ ಎನ್ನುವುದನ್ನು ಹೆಚ್ಚಾಗಿ ತೀರ್ಮಾನ ಮಾಡುವುದು ತಾಗುವ ಕ್ಷಣದಲ್ಲಿ ಕ್ಲಬ್ಬಿನ (ಹೊಡೆಯುವ ಕೋಲಿನ) ಮುಖ, ಅಂದರೆ ಚೆಂಡಿಗೆ ತಾಗುವ ಭಾಗ, ಎತ್ತ ನೋಡುತ್ತಿದೆ ಎಂಬುದು. ಆಮೇಲೆ ಬಾಗುವುದು ಕ್ಲಬ್ ಸಾಗುವ ದಾರಿಗೂ ಆ ಮುಖಕ್ಕೂ ಹೊಂದಿಕೆ ಇಲ್ಲದಾಗ. ದಾರಿಗಿಂತ ಮುಖ ಬಲಕ್ಕೆ ತೆರೆದಿದ್ದರೆ ಚೆಂಡು ಬಲಕ್ಕೆ ಬಾಗುತ್ತದೆ. ಸ್ಲೈಸ್ ಆಗುತ್ತದೆ ಅಂತ ಹೆದರಿ ನಾವು ಎಡಕ್ಕೆ ತಿರುಗಿ ನಿಲ್ಲುತ್ತೇವೆ. ಕ್ಲಬ್ ಇನ್ನಷ್ಟು ಎಡಕ್ಕೆ ಸಾಗುತ್ತದೆ, ಅಂತರ ಹೆಚ್ಚಾಗುತ್ತದೆ, ಚೆಂಡು ಇನ್ನೂ ಜಾಸ್ತಿ ಬಾಗುತ್ತದೆ. ನಾನು ಒಂದಿಡೀ ವರ್ಷ ಹೀಗೇ ನಿಂತಿದ್ದೆ.

ಹಾಗಾಗಿ ಸೊಂಟ, ಮೊಣಕೈ ಎಲ್ಲ ಬಿಟ್ಟು ಹಿಡಿತ ನೋಡಿ. ಕ್ಲಬ್ ಹಿಡಿದು ನಿಂತು ಕೆಳಗೆ ನೋಡಿದರೆ ಎಡಗೈ ಬೆರಳಿನ ಎರಡು ಗಂಟಾದರೂ ಕಾಣಬೇಕು. ಹೆಬ್ಬೆರಳು, ತೋರುಬೆರಳಿನ ನಡುವಿನ ಗೆರೆ ಬಲ ಭುಜದ ಕಡೆ ಇರಬೇಕು. ನನಗೆ ಒಂದೇ ಗಂಟು ಕಾಣುತ್ತಿತ್ತು. ಕ್ಲಬ್ ಬೆರಳಲ್ಲಿ ಇರದೆ ಅಂಗೈಯಲ್ಲಿ ಅಡ್ಡ ಬಿದ್ದಿತ್ತು. ಹಾಗೆ ಹಿಡಿದರೆ ಮುಖ ಮುಚ್ಚುವುದಕ್ಕೆ ಮಣಿಕಟ್ಟು ಒಪ್ಪುವುದೇ ಇಲ್ಲ.

ಇನ್ನು ಚೆಂಡಿನ ಬಾಯಿ ಬಿಡಿಸುವ ಉಪಾಯ. ಮನೆಯಲ್ಲಿರುವ ಮೈಗೆ ಹಚ್ಚುವ ಪೌಡರ್ ತೆಗೆದುಕೊಂಡು ಡ್ರೈವರ್, ಅಂದರೆ ದೂರ ಹೊಡೆಯುವ ಕ್ಲಬ್ಬಿನ ಮುಖಕ್ಕೆ ತೆಳ್ಳಗೆ ಸವರಿ. ಒಂದು ಚೆಂಡು ಹೊಡೆಯಿರಿ, ಕ್ಲಬ್ ತಿರುಗಿಸಿ ನೋಡಿ. ತಾಗಿದ ಕಡೆ ಎರಡು ರೂಪಾಯಿ ನಾಣ್ಯದಷ್ಟು ಗುಂಡಗೆ ಪೌಡರ್ ಹೋಗಿರುತ್ತದೆ. ನನ್ನ ಹತ್ತರಲ್ಲಿ ಏಳು ಗುರುತು ಹಿಮ್ಮಡಿ ಕಡೆ, ಅಂದರೆ ಕೋಲು ಸೇರುವ ಕಡೆ ಇದ್ದವು. ಡ್ರೈವರಿನಲ್ಲಿ ಅಲ್ಲಿ ತಾಗಿದ ಚೆಂಡು ತಾನಾಗಿಯೇ ಬಲಕ್ಕೆ ತಿರುಗುವ ಸುತ್ತು ಪಡೆಯುತ್ತದೆ. ಇಷ್ಟು ದಿನ ಕೈಯನ್ನು ಬೈದುಕೊಂಡೆ, ನಾನು ಚೆಂಡಿಗೆ ಒಂದಿಷ್ಟು ಹತ್ತಿರ ನಿಂತಿದ್ದೇ ಅರ್ಧ ಕಾರಣವಾಗಿತ್ತು. ಬಲೆಯ ನಡುವೆ ಒಂದು ಕೆಂಪು ರಿಬ್ಬನ್ ಕಟ್ಟಿ. ಚೆಂಡು ಅದರ ಎಡಕ್ಕೆ ತಾಗಿತಾ, ಬಲಕ್ಕೆ ತಾಗಿತಾ ನೋಡಿ. ಪೌಡರ್ ಗುರುತು, ರಿಬ್ಬನ್, ಎರಡನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ನೂರು ಬೇಡ, ನಲವತ್ತು ಸಾಕು. ಬರೆದುಕೊಂಡು ಹೊಡೆದರೆ ನಲವತ್ತಕ್ಕೇ ಮುಕ್ಕಾಲು ತಾಸು ಬೇಕು.

ಇನ್ನೊಂದು. ಒಂದೇ ಕ್ಲಬ್ಬಿನಲ್ಲಿ ಸಾಲಾಗಿ ಮೂವತ್ತು ಹೊಡೆದರೆ ಮೂವತ್ತನೆಯದು ಚೆನ್ನಾಗಿಯೇ ಹೋಗುತ್ತದೆ. ಕೋರ್ಸಿನಲ್ಲಿ ಆ ಮೂವತ್ತನೆಯ ಅವಕಾಶ ಯಾರು ಕೊಡುತ್ತಾರೆ ಹೇಳಿ? 1979ರಲ್ಲಿ ಶೇ ಮತ್ತು ಮಾರ್ಗನ್ ಎಂಬ ಇಬ್ಬರು ಸಂಶೋಧಕರು ಕೈಚಲನೆಯ ಕೆಲಸಗಳನ್ನು ಕೆಲವರಿಗೆ ಒಂದು ಮುಗಿದ ಮೇಲೆ ಒಂದರಂತೆ, ಕೆಲವರಿಗೆ ಕಲಸಿ ಕಲಿಸಿ ನೋಡಿದರು. ಕಲಸಿ ಕಲಿತವರು ಅಭ್ಯಾಸದ ಹೊತ್ತಿಗೆ ತಡವರಿಸಿದರು, ಆಮೇಲೆ ಪರೀಕ್ಷೆ ಮಾಡಿದಾಗ ಅವರಿಗೇ ಚೆನ್ನಾಗಿ ನೆನಪಿತ್ತು. ಹಿಡಿತದಂಥ ಹೊಸದನ್ನು ಕೂರಿಸುವಾಗ ಮೊದಲ ಹದಿನೈದು ಚೆಂಡು ಒಂದೇ ಕ್ಲಬ್ ಇರಲಿ. ಉಳಿದ ಇಪ್ಪತ್ತೈದು ಒಮ್ಮೆ ಡ್ರೈವರ್, ಒಮ್ಮೆ 7 ಐರನ್ (ಮಧ್ಯಮ ದೂರದ ಕ್ಲಬ್), ಒಮ್ಮೆ ವೆಡ್ಜ್ (ಹತ್ತಿರದ ಹೊಡೆತದ ಕ್ಲಬ್). ಪ್ರತಿ ಸಲ ಹಿಂದೆ ಸರಿದು, ರಿಬ್ಬನ್ ನೋಡಿ, ಹೊಸದಾಗಿ ಬಂದು ನಿಲ್ಲಿ. ನಮ್ಮ ತಪ್ಪು ಅರ್ಧ ನಿಲ್ಲುವುದರಲ್ಲೇ ಇರುತ್ತದೆ. ಕಾಲು ಕದಲಿಸದೆ ಹೊಡೆಯುತ್ತಾ ಹೋದರೆ ಅದು ಸಿಕ್ಕಿಬೀಳುವುದಿಲ್ಲ.

ಕೇಶ್ವಾಪುರ, ಹುಬ್ಬಳ್ಳಿ

ನಮ್ಮ ಮನೆಯವರು ಸೇನೆಯಲ್ಲಿದ್ದರು. ಹಾಗಾಗಿ ಬೇರೆ ಬೇರೆ ಊರಿನಲ್ಲಿ ಹದಿನೈದು ವರ್ಷ ಆಡಿದ್ದೇನೆ, ಆರು ಜನ ಕೋಚ್ ನೋಡಿದ್ದೇನೆ. ನೀವು ಕೇಳಿದ ಕೋಚ್ ವಿಷಯ ಮಾತ್ರ ಹೇಳುತ್ತೇನೆ ತಮ್ಮಾ.

ಒಬ್ಬರು ಮೊದಲ ದಿನವೇ ನನ್ನ ಹಿಡಿತ, ನಿಲುವು, ಬ್ಯಾಕ್‌ಸ್ವಿಂಗ್ ಎಲ್ಲವನ್ನೂ ಬದಲಿಸಿದರು. ನಾಲ್ಕು ತಿಂಗಳು ನನಗೆ ಚೆಂಡೇ ಸರಿಯಾಗಿ ತಾಗಲಿಲ್ಲ. ಆಟ ಬಿಟ್ಟೇಬಿಡೋಣ ಅನ್ನಿಸಿತ್ತು. ಮುಂದಿನ ಊರಿನಲ್ಲಿ ಸಿಕ್ಕವರು ಮೊದಲ ಅರ್ಧ ತಾಸು ಏನೂ ಹೇಳಲಿಲ್ಲ, ಸುಮ್ನೆ ನೋಡಿದರು. ಆಮೇಲೆ ಒಂದೇ ಮಾತು: "ಚೆಂಡನ್ನು ಅರ್ಧ ಗೇಣು ಮುಂದಿಡಿ." ಒಂದು ತಿಂಗಳು ಅದೊಂದೇ. ಒಳ್ಳೆಯ ಕೋಚ್ ಕೊಡುವುದು ಕಡಿಮೆ, ಕೊಟ್ಟದ್ದನ್ನು ಮರೆಯುವುದಿಲ್ಲ.

ನೀವು ಎರಡು ತಿಂಗಳಿಗೊಮ್ಮೆ ಹೋಗುವುದು ಕಡಿಮೆಯೇನಲ್ಲ. ನಡುವೆ ಹತ್ತು ಮಂದಿಯ ವಿಡಿಯೊ ನೋಡುವುದೇ ತೊಂದರೆ. ಅವರ ಮಾತು ತಪ್ಪು ಅಂತಲ್ಲ, ಅದು ಬೇರೆಯವರ ರೋಗಕ್ಕೆ ಬರೆದ ಔಷಧಿ. ಕೋಚ್ ಬಿಡುವ ಮೊದಲು ಅವರನ್ನು ಮೂರು ಮಾತು ಕೇಳಿ. ನನ್ನ ಮುಖ್ಯ ತಪ್ಪು ಯಾವುದು? ಅದು ಸರಿಹೋಗುತ್ತಿದೆ ಅಂತ ನನಗೆ ಮನೆಯಲ್ಲಿ ಹೇಗೆ ಗೊತ್ತಾಗಬೇಕು? ಮುಂದಿನ ಸಲ ಬರುವವರೆಗೆ ಏನು ಮಾಡಬಾರದು? ಮೂರನೆಯದನ್ನು ಯಾರೂ ಕೇಳುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಎರಡು ವಿಡಿಯೊ ಕಳಿಸಿದರೆ ನೋಡುತ್ತೀರಾ ಅಂತಲೂ ಕೇಳಿ, ಅದಕ್ಕೆ ಬೇರೆ ಶುಲ್ಕ ಕೊಡುವುದಾದರೂ ಕೊಡಿ.

ವಿಡಿಯೊ ತೆಗೆಯುವಾಗ ಫೋನ್ ಕೈಗಳ ಎತ್ತರಕ್ಕೆ ಸ್ಟ್ಯಾಂಡಿನಲ್ಲಿರಲಿ. ಒಂದು ಎದುರಿನಿಂದ, ಇನ್ನೊಂದು ಹಿಂದಿನಿಂದ, ಗುರಿಯ ಗೆರೆಗೆ ಸಮನಾಗಿ. ಫೋನ್ ಸ್ವಲ್ಪ ಅತ್ತಿತ್ತ ಆದರೂ ಸರಿ ಇದ್ದ ಸ್ವಿಂಗ್ ತಪ್ಪಾಗಿ ಕಾಣುತ್ತದೆ. ಮೊಮ್ಮಗನ ಕೈಗೆ ಫೋನ್ ಕೊಟ್ಟು ತೆಗೆಸಿ ನಾನು ಎಷ್ಟೋ ಸಲ ಇಲ್ಲದ ತಪ್ಪು ಹುಡುಕಿದ್ದೇನೆ.

ಡ್ರೈವರ್ ಹುಚ್ಚು ಸ್ವಲ್ಪ ಇಳಿಸಿ. ಪಾರ್ 72, ಅಂದರೆ 18 ಹೋಲಿಗೆ 72 ಹೊಡೆತ ಎಂಬ ಕೋರ್ಸಿನ ಲೆಕ್ಕದಲ್ಲಿ ಹೋಲಿಗೆ ಎರಡರಂತೆ 36 ಪಟ್ (ಹೋಲಿನೊಳಕ್ಕೆ ಚೆಂಡು ಉರುಳಿಸುವ ಹೊಡೆತ), ಸರಿಯಾಗಿ ಅರ್ಧ. ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದರು, ಒಂದೇ ಸ್ಟ್ರೋಕಿನಲ್ಲಿ ಪದಕ ತಪ್ಪಿತು. ಅವರೇನು ಬಹಳ ದೂರ ಹೊಡೆಯುವವರಲ್ಲ. ಅವರ ಪಟಿಂಗ್ ನೋಡಿ ನಾನು ಆ ನಾಲ್ಕು ದಿನ ಬೆಳಿಗ್ಗೆ ಅಡುಗೆ ತಡ ಮಾಡಿದ್ದೇನೆ. ಬ್ಯಾಗ್ ಹೊತ್ತವರು ಅವರ ತಾಯಿ.

ನಮ್ಮ ಮನೆಯಲ್ಲಿ ನವಲಗುಂದದ ಜಮಖಾನೆ ಇದೆ. ಹಾಲಿನಲ್ಲಿ ಅದನ್ನು ಉದ್ದಕ್ಕೆ ಬಿಡಿಸಿದರೆ ಅಂಚಿನ ಪಟ್ಟಿ ಗೆರೆ ಎಳೆದ ಹಾಗೆ ನೆಟ್ಟಗಿರುತ್ತದೆ. ಅದರ ಮೇಲೆ ಚೆಂಡು ಉರುಳಿಸುತ್ತೇನೆ. ಹೋಲಿನ ಅಗಲ 108 ಮಿಲಿಮೀಟರ್. ನಾನು ಅದಕ್ಕಿಂತ ಚಿಕ್ಕದಾದ ಸ್ಟೀಲ್ ಲೋಟ ಅಡ್ಡ ಮಲಗಿಸುತ್ತೇನೆ. ಮೂರು ಮೀಟರಿನಿಂದ ಪಟರ್ ಮುಖ ಒಂದೇ ಡಿಗ್ರಿ ತಿರುಗಿದರೂ ಚೆಂಡು ಹತ್ತಿರ ಹತ್ತಿರ ಐದು ಸೆಂಟಿಮೀಟರ್ ಪಕ್ಕಕ್ಕೆ ಹೋಗುತ್ತದೆ, ಹೋಲಿನ ಅಂಚಿಗೆ ಬರುತ್ತದೆ. ಜಮಖಾನೆಯ ಗೆರೆ ಬಿಟ್ಟು ಸರಿದ ಕೂಡಲೇ ಕಣ್ಣಿಗೆ ಕಾಣುತ್ತದೆ. ರಾತ್ರಿ ಊಟ ಆದ ಮೇಲೆ ಇಪ್ಪತ್ತು ನಿಮಿಷ ಸಾಕು.

ಗದಗ

ನಾನು ಗಾಲ್ಫ್ ಆಡುವವನಲ್ಲ, ತಬಲಾ ಕಲಿಸುತ್ತೇನೆ. ನನ್ನ ಅಳಿಯ ಆಡುತ್ತಾನೆ, ಅವನೇ ಇದನ್ನು ಓದಿಸಿದ. ಒಂದು ಮಾತು ಹೇಳಬೇಕು ಅನ್ನಿಸಿತು.

ಹೊಸ ಹುಡುಗರು ತಿರಕಿಟ ಎಂಬ ಬೋಲ್ ಬಂದ ಕೂಡಲೇ ದುಗುಣದಲ್ಲಿ (ಎರಡು ಪಟ್ಟು ವೇಗದಲ್ಲಿ) ಬಾರಿಸಲು ನೋಡುತ್ತಾರೆ. ಬೆರಳು ತಪ್ಪಿದ್ದು ವೇಗದಲ್ಲಿ ಮುಚ್ಚಿಹೋಗುತ್ತದೆ. ಆ ತಪ್ಪೇ ಕೈಗೆ ಕೂರುತ್ತದೆ. ಅದನ್ನು ಬಿಡಿಸುವುದಕ್ಕೆ ಕಲಿಸಿದ್ದಕ್ಕಿಂತ ಎರಡು ಪಟ್ಟು ದಿನ ಬೇಕು. ಅದಕ್ಕೇ ನಾವು ವಿಲಂಬಿತದಲ್ಲಿ, ಅಂದರೆ ನಿಧಾನವಾಗಿ, ಒಂದೊಂದು ಅಕ್ಷರ ಬಿಡಿಬಿಡಿಯಾಗಿ ಕೇಳುವ ಹಾಗೆ ಬಾರಿಸಿ ಅನ್ನುವುದು. ನಮ್ಮೂರಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣು ಕಾಣದ ಮಕ್ಕಳು ಎಷ್ಟೋ ಜನ ಸಂಗೀತ ಕಲಿತಿದ್ದಾರೆ. ಅವರಿಗೆ ಕಿವಿಯೇ ಕನ್ನಡಿ.

ನನ್ನ ಅಳಿಯನಿಗೂ ಇದನ್ನೇ ಹೇಳಿದೆ. ಅರ್ಧ ವೇಗದಲ್ಲಿ ಬೀಸು, ತಾಗಿದ ಸದ್ದು ಕೇಳು ಅಂತ. ನಡುವೆ ತಾಗಿದ ಸದ್ದು ಬೇರೆ, ಅಂಚಿಗೆ ತಾಗಿದ ಸದ್ದು ಬೇರೆ ಅಂತ ಅವನೇ ಒಂದು ವಾರಕ್ಕೆ ಬಂದು ಹೇಳಿದ. ಈಗ ಕ್ಲಬ್ ತಿರುಗಿಸಿ ನೋಡುವ ಮೊದಲೇ ಎಲ್ಲಿ ತಾಗಿತು ಅಂತ ಹೇಳುತ್ತಾನೆ. ನೀವೂ ಪೌಡರ್ ನೋಡುವ ಮುಂಚೆ ಒಮ್ಮೆ ಊಹಿಸಿ.

ರಾಣೆಬೆನ್ನೂರು

ಚಿಕ್ಕ ಎಚ್ಚರಿಕೆ. ಸಿಮೆಂಟಿನ ಮೇಲೆ ತೆಳು ಮ್ಯಾಟ್ ಹಾಕಿ ದಿನಾ 150 ಹೊಡೆದು ಮೊಣಕೈಯ ಒಳಬದಿ ನೋವು ಮಾಡಿಕೊಂಡೆ. ಆರು ವಾರ ಚಹಾದ ಕಪ್ ಎತ್ತುವುದೂ ಕಷ್ಟವಾಗಿತ್ತು. ಮ್ಯಾಟಿನ ಕೆಳಗೆ ದಪ್ಪ ರಬ್ಬರ್ ಹಾಕಿ. ಮ್ಯಾಟ್ ಇನ್ನೊಂದು ಮೋಸ ಮಾಡುತ್ತದೆ. ಚೆಂಡಿಗಿಂತ ಹಿಂದೆ ನೆಲಕ್ಕೆ ತಾಗಿದರೂ ಕ್ಲಬ್ ಜಾರಿ ಚೆಂಡಿಗೆ ಬಂದುಬಿಡುತ್ತದೆ, ಹೊಡೆತ ಚೆನ್ನಾಗಿತ್ತು ಅನ್ನಿಸುತ್ತದೆ. ಐರನ್ನಿನಲ್ಲಿ ಮೊದಲು ಚೆಂಡು, ಆಮೇಲೆ ನೆಲ.

ನಾನು ಈಗ ವಾರಕ್ಕೆರಡು ದಿನ ನಮ್ಮ ಹೊಲದ ಬದುವಿನ ಹುಲ್ಲಿನ ಮೇಲೆ ವೆಡ್ಜ್ ಹೊಡೆಯುತ್ತೇನೆ. ಸುಣ್ಣದಲ್ಲಿ ಅಡ್ಡ ಗೆರೆ ಎಳೆದು ಚೆಂಡನ್ನು ಗೆರೆ ಮೇಲೆ ಇಡುತ್ತೇನೆ. ಹುಲ್ಲು ಕಿತ್ತ ಗುರುತು ಗೆರೆಯ ಆಚೆ ಇರಬೇಕು, ಈಚೆ ಅಲ್ಲ. ಎರಿ ಹೊಲದಲ್ಲಿ ಬೇಸಿಗೆಗೆ ಮಾತ್ರ ಬೇಡ, ನೆಲ ಕಲ್ಲಾಗಿ ಬಿರುಕು ಬಿಟ್ಟಿರುತ್ತದೆ, ಮಣಿಕಟ್ಟಿಗೆ ಪೆಟ್ಟು. ಸಾರ್ವಜನಿಕ ಮೈದಾನದಲ್ಲಿ ನಿಜವಾದ ಚೆಂಡು ಮುಟ್ಟಲೇಬೇಡಿ. ಮಕ್ಕಳು ಓಡಾಡುತ್ತಿರುತ್ತಾರೆ, 46 ಗ್ರಾಂ ಚೆಂಡು ಕಣ್ಣಿಗೆ ತಾಗಿದರೆ ಮುಗಿಯಿತು. ಅಲ್ಲಿ ಸ್ಪಂಜಿನ ಚೆಂಡು ಸಾಕು.

ವಿದ್ಯಾನಗರ, ಹುಬ್ಬಳ್ಳಿ (ಪ್ರಶ್ನೆ ಕೇಳಿದವರು, ಐದು ವಾರದ ನಂತರ)

ಎಲ್ಲರಿಗೂ ಮನಸಾರೆ ಧನ್ಯವಾದ. ವಿಡಿಯೊ ನೋಡುವುದು ನಿಲ್ಲಿಸಿದೆ. ಪೌಡರ್ ಹಚ್ಚಿದ ಮೊದಲ ದಿನ ಇಪ್ಪತ್ತರಲ್ಲಿ ಹದಿಮೂರು ಗುರುತು ಹಿಮ್ಮಡಿ ಕಡೆ ಇದ್ದವು. ಕಳೆದ ಭಾನುವಾರ ಇಪ್ಪತ್ತರಲ್ಲಿ ಐದು. ಅಕ್ಕಾವ್ರು ಹೇಳಿದ ಮೂರು ಪ್ರಶ್ನೆ ಬರೆದುಕೊಂಡು ಹೋಗಿ ಕೋಚ್‌ಗೆ ಕೇಳಿದೆ. ಅವರು ನನ್ನ ನೋಟ್‌ಬುಕ್ ಹತ್ತು ನಿಮಿಷ ತಿರುವಿ ನೋಡಿದರು. ಹಿಡಿತ ಒಂದನ್ನೇ ಬದಲಿಸಿ, ಎರಡು ತಿಂಗಳು ಡ್ರೈವರನ್ನು ಪೂರ್ತಿ ವೇಗದಲ್ಲಿ ಬೀಸಬೇಡಿ ಅಂದರು. ಅಭ್ಯಾಸದ ಮೈದಾನದಲ್ಲಿ (ರೇಂಜಿನಲ್ಲಿ) ಚೆಂಡು ಈಗಲೂ ಬಲಕ್ಕೆ ಬಾಗುತ್ತದೆ, ಆದರೆ ಮೊದಲಿನ ಅರ್ಧದಷ್ಟು. ಕೋಚ್ ಬದಲಿಸುವುದಿಲ್ಲ. ಒಂದೇ ಕಷ್ಟ: ಹೊಸ ಹಿಡಿತದಲ್ಲಿ ಕ್ಲಬ್ ನನ್ನದೇ ಅಲ್ಲ ಅನ್ನಿಸುತ್ತದೆ. ಇದು ಎಷ್ಟು ದಿನ?

ಸಪ್ತಾಪುರ, ಧಾರವಾಡ

ನನಗೆ ಎರಡು ತಿಂಗಳು ಹಿಡಿಯಿತು. ಚೆಂಡಿಲ್ಲದೆ ರೂಢಿ ಮಾಡಿ. ಮೇಜಿನ ಪಕ್ಕ ಒಂದು ಹಳೆ ಐರನ್ ಇಟ್ಟುಕೊಳ್ಳಿ. ಫೋನಿನಲ್ಲಿ ಮಾತಾಡುವಾಗಲೆಲ್ಲ ಎಡಗೈಯಲ್ಲಿ ಹಿಡಿದು, ಎರಡು ಗಂಟು ಕಾಣುತ್ತಿವೆಯಾ ನೋಡಿ, ಬಿಟ್ಟು ಮತ್ತೆ ಹಿಡಿಯಿರಿ. ನನ್ನ ಹತ್ತಿರ ಉಪಯೋಗಿಸದ ಒಂದು 8 ಐರನ್ ಇದೆ. ಶನಿವಾರ ಧಾರವಾಡಕ್ಕೆ ಬರುವುದಾದರೆ ಒಯ್ಯಿರಿ, ಬರುವಾಗ ನೋಟ್‌ಬುಕ್ ತನ್ನಿ.