ಬೇರೆ ಕ್ರೈಸ್ತ ಸಭೆಯವರೊಂದಿಗೆ ಕೂಡಿ ಪ್ರಾರ್ಥಿಸಿದವರು ಅನುಭವ ತಿಳಿಸಿ

ಪ್ರಶ್ನೆ: ಕಥೋಲಿಕರು, ಪ್ರಾಟೆಸ್ಟೆಂಟರು ಮತ್ತು ಪೆಂತೆಕೊಸ್ತಿನವರು ಸೇರಿ ಪ್ರಾರ್ಥಿಸುವ ಸಣ್ಣ ಗುಂಪು ನಮ್ಮದು. ಸಂತರ ಮಧ್ಯಸ್ಥಿಕೆ ಬೇಡುವವರ ಪ್ರಾರ್ಥನೆಗೆ ಆಮೆನ್ ಹೇಳಲಾರೆನೆಂದು ಒಬ್ಬರು ಪಟ್ಟು ಹಿಡಿದಿದ್ದಾರೆ. ಗುಂಪನ್ನು ಮುಂದುವರಿಸಬೇಕೇ?

ಜಪಸರ: ನಮ್ಮ ಗುಂಪಿನಲ್ಲಿ ಬಿಟ್ಟುಕೊಟ್ಟವರು ನಾವು ಕಥೋಲಿಕರು ಮಾತ್ರ. ಮೊದಲು ಮಾತೆ ಮರಿಯಳಿಗೆ ಹೇಳುವ ‘ನಮೋ ಮರಿಯ’ ಪ್ರಾರ್ಥನೆ ಹೋಯಿತು. ಬಳಿಕ ಶಿಲುಬೆಯ ಗುರುತು ಹಾಕಿಕೊಂಡರೆ ಕೆಲವರಿಗೆ ಇರುಸುಮುರುಸಾಗುತ್ತದೆ ಎಂದರು. ಕೊನೆಗೆ ಮೃತರಿಗಾಗಿ ಬೇಡುವುದೂ ನಿಂತಿತು. ನನ್ನ ತಂದೆ ತೀರಿಕೊಂಡ ವಾರ ಎಲ್ಲರೂ ನನ್ನ ಸಾಂತ್ವನಕ್ಕಾಗಿ ಬಹಳ ಹೊತ್ತು ಪ್ರಾರ್ಥಿಸಿದರು, ಆದರೆ ಅವರ ಆತ್ಮಕ್ಕಾಗಿ ಒಂದು ಮಾತು ಬೇಡಲು ನನಗೆ ಅಲ್ಲಿ ಅವಕಾಶವಿರಲಿಲ್ಲ. ಕಥೋಲಿಕ ಬಿಷಪರು ಸೇರಿದ್ದ ಎರಡನೆಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಹೊರಡಿಸಿದ ಐಕ್ಯದ ಆಜ್ಞಾಪತ್ರವು ಐಕ್ಯಕ್ಕಾಗಿ ಇತರ ಕ್ರೈಸ್ತರೊಂದಿಗೆ ಪ್ರಾರ್ಥಿಸುವುದು ಅಪೇಕ್ಷಣೀಯವೆಂದಿತು. ಆದರೆ ಕೂಡಿ ಆರಾಧಿಸುವುದನ್ನು ವಿವೇಚನೆಯಿಲ್ಲದೆ ಬಳಸಬಾರದೆಂಬ ಎಚ್ಚರಿಕೆಯೂ ಅಲ್ಲಿಯೇ ಇದೆ. ನಮ್ಮವರು ಮೊದಲರ್ಧವನ್ನಷ್ಟೇ ಓದಿದರು. ಈಗ ನಾನು ಮನೆಯಲ್ಲಿಯೇ ಜಪಸರ ಹೇಳುತ್ತೇನೆ.

ಹಳೆಯ ಸಭಾಸದಸ್ಯ: ನಮ್ಮ ಗುಂಪು ಒಡೆಯಲಿಲ್ಲ, ಅದಕ್ಕೆ ತೆತ್ತ ಬೆಲೆಯನ್ನೂ ಕೇಳಿ. ಯೇಸು ಕಲಿಸಿದ ಕರ್ತನ ಪ್ರಾರ್ಥನೆಯಲ್ಲಿ ಕೇಡಿನಿಂದ ತಪ್ಪಿಸೆಂಬ ಮಾತಿಗೆ ಕಥೋಲಿಕರು ಆಮೆನ್ ಎಂದು ನಿಲ್ಲುತ್ತಿದ್ದರು, ನಾವು ಪ್ರಾಟೆಸ್ಟೆಂಟರು ‘ರಾಜ್ಯವೂ ಬಲವೂ ಮಹಿಮೆಯೂ’ ಎಂದು ಮುಂದೆ ಹೋಗುತ್ತಿದ್ದೆವು. ಆ ಸಾಲನ್ನು ಕಂಸದೊಳಗಿಟ್ಟು ಹಾಳೆ ಅಚ್ಚು ಹಾಕಿಸಿದಾಗ, ದೇವರ ಮಹಿಮೆಗೆ ಕಂಸವೇ ಎಂದು ನಮ್ಮ ಹಿರಿಯರು ಕಟ್ಟನ್ನು ಬಿಚ್ಚದೆಯೇ ಹಿಂದಿರುಗಿಸಿದರು. ಕಂಸ ತೆಗೆಸಿ ಮತ್ತೆ ಅಚ್ಚು ಹಾಕಿಸಿದಾಗ ಅತ್ತಲಿನವರು ಹಾಳೆಯನ್ನು ಕೈಯಲ್ಲಿ ಮಡಚಿಕೊಂಡೇ ಕುಳಿತರು. ಅಚ್ಚಿನ ಖರ್ಚನ್ನು ಯಾರೂ ಹಂಚಿಕೊಳ್ಳಲಿಲ್ಲ. ಕೊನೆಗೆ ಬೈಬಲಿನ ಕೀರ್ತನೆಗಳನ್ನು ಓದತೊಡಗಿದೆವು. ಜಪಸರ ಅವರು ತಾವು ಬಿಟ್ಟದ್ದನ್ನು ಲೆಕ್ಕವಿಟ್ಟಿದ್ದಾರೆ. ನಾವು ನುಂಗಿಕೊಂಡದ್ದು ಅವರಿಗೆ ಕಾಣದು.

ಜಪಸರ: ನಮ್ಮ ಬಲಿಪೂಜೆಯಲ್ಲಿಯೂ ಆ ಸಾಲು ಇದೆ, ಗುರುಗಳು ನಡುವೆ ಹೇಳುವ ಒಂದು ಪ್ರಾರ್ಥನೆಯ ನಂತರ ಬರುತ್ತದೆ. ಮತ್ತಾಯನ ಸುವಾರ್ತೆಯ ಅತಿ ಹಳೆಯ ಹಸ್ತಪ್ರತಿಗಳಲ್ಲಿ ಅದಿಲ್ಲ. ತಿಳಿದು ಬರೆಯಿರಿ.

ಹಳೆಯ ಸಭಾಸದಸ್ಯ: ಹಸ್ತಪ್ರತಿಗಳ ಪಾಠ ನನಗೆ ಬೇಡ. ಆದಿಸಭೆಯ ಬೋಧನಾಗ್ರಂಥವಾದ ‘ದಿದಾಖೆ’ಯಲ್ಲಿ ಅದು ಬಹುಪಾಲು ಹೀಗೆಯೇ ಇದೆ.

ಮೇಲ್ಕೋಣೆ: ನೀವಿಬ್ಬರೂ ಒಂದು ಸಾಲಿಗಾಗಿ ಕಾದಾಡುತ್ತಿದ್ದೀರಿ, ನನಗೆ ಬಾಯಿ ತೆರೆಯಲೂ ಬಿಡಲಿಲ್ಲ. ನಾನು ನಮ್ಮ ಪೆಂತೆಕೊಸ್ತಿನವರ ರೀತಿಯಲ್ಲಿ ಅನ್ಯಭಾಷೆಯಲ್ಲಿ, ಅಂದರೆ ಆತ್ಮಪ್ರೇರಣೆಯಿಂದ ಬರುವ ಅಪರಿಚಿತ ನುಡಿಗಳಲ್ಲಿ, ಪ್ರಾರ್ಥಿಸತೊಡಗಿದಾಗ ಒಬ್ಬರು ಎದ್ದು ಹೋಗಿ ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿದರು. ಮುಂದಿನ ಕೂಟಕ್ಕೆ ಪ್ರತಿಯೊಬ್ಬರೂ ಬರೆದ ಪ್ರಾರ್ಥನೆಯನ್ನೇ ಓದಬೇಕೆಂಬ ನಿಯಮ ಬಂತು. ಬೆಳೆದ ಮೇಲೆ ನಂಬಿ ನೀರಿನಲ್ಲಿ ಮುಳುಗಿ ದೀಕ್ಷಾಸ್ನಾನ ಪಡೆದುದಕ್ಕಾಗಿ ಬಂಧುಗಳು ನನ್ನನ್ನು ಮದುವೆಗಳಿಗೆ ಕರೆಯುವುದನ್ನೇ ಬಿಟ್ಟಿದ್ದರು, ಇಲ್ಲಿಯೂ ಅದೇ ನೋಟ. ಮನುಷ್ಯನು ದೇವರ ಮುಂದೆ ನೀತಿವಂತನಾಗುವುದು ಹೇಗೆಂಬ ಮೂಲ ವಿಷಯದಲ್ಲಿ ಕಥೋಲಿಕರೂ ಪ್ರಾಟೆಸ್ಟೆಂಟರಲ್ಲಿ ಒಂದು ಪಂಗಡವಾದ ಲೂಥರನರೂ 1999ರಲ್ಲಿ ಒಪ್ಪಿ ಸಹಿ ಹಾಕಿದರು, ಆದರೂ ಇಂದಿಗೂ ಒಂದೇ ಮೇಜಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನವಿಲ್ಲ. ಇಂಥ ಕಾಗದಗಳ ಮೇಲೆ ನನಗೆ ಭರವಸೆಯಿಲ್ಲ.

ಹಳೆಯ ಸಭಾಸದಸ್ಯ: ಶಿಶುವಾಗಿದ್ದಾಗ ನನಗಾದ ದೀಕ್ಷಾಸ್ನಾನವನ್ನು ಇಲ್ಲವೆನ್ನುವವರು ನಮಗೆ ಐಕ್ಯವನ್ನು ಬೋಧಿಸಬೇಕೇ? ಮರುದೀಕ್ಷಾಸ್ನಾನವೆಂದು ತೋರಬಹುದಾದ ಆಚರಣೆಯನ್ನೇ ಕೈಬಿಡಬೇಕೆಂದು ಹಲವು ಸಭೆಗಳ ಪ್ರತಿನಿಧಿಗಳು ಕೂಡಿ ರೂಪಿಸಿದ 1982ರ ಲೀಮಾ ದಸ್ತಾವೇಜು ಸ್ಪಷ್ಟವಾಗಿ ಹೇಳಿದೆ.

ಜಪಸರ: ಈ ಒಂದು ಮಾತಿನಲ್ಲಿ ನಾನು ಹಳೆಯ ಸಭಾಸದಸ್ಯರ ಕಡೆಗಿದ್ದೇನೆ, ಇಷ್ಟವಿಲ್ಲದಿದ್ದರೂ.

ಮೇಲ್ಕೋಣೆ: ಆ ದಸ್ತಾವೇಜನ್ನು ನಮ್ಮ ಸಭೆ ಒಪ್ಪಿಲ್ಲ, ನನ್ನನ್ನು ಅದಕ್ಕೆ ಕಟ್ಟಿಹಾಕಬೇಡಿ. ಕೇಳಿದವರ ಪ್ರಶ್ನೆ ಇದ್ದದ್ದು ಆಮೆನ್ ಕುರಿತು. ಸಂತರನ್ನು ಕರೆಯುವಾಗ ನಾನೂ ಆಮೆನ್ ಹೇಳುವುದಿಲ್ಲ, ಸುಮ್ಮನಿರುತ್ತೇನೆ, ಎದ್ದು ಹೋಗುವುದಿಲ್ಲ. ನಿಮ್ಮವರಿಗೆ ಅಷ್ಟು ಸಾಧ್ಯವೇ ಎಂದು ಮೊದಲು ಕೇಳಿ ನೋಡಿ.