ಪುಟ್ಟ, ಆ ಪಂಪ್ ಈಗಲೇ ತರಿಸಬೇಡ

ಪುಟ್ಟ, ಗ್ರೂಪಿನಲ್ಲಿ ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಟೈಪ್ ಮಾಡುತ್ತಾ ಕೂತರೆ ಸಂಜೆಯಾಗುತ್ತದೆ, ಅದಕ್ಕೇ ಬಾಯಲ್ಲೇ ಹೇಳಿಬಿಡುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ. ಕಾರಿನ ಗೊಡವೆ ಬೇಡ ಅನ್ನುವವರು ಇದನ್ನು ಬಿಟ್ಟು ಮುಂದೆ ಹೋಗಿ.

ನೀನು ಹೇಳಿದ್ದು ಇಷ್ಟು, ಅಲ್ವಾ? 1984ರ ಕಾರು, ಎಲ್-ಜೆಟ್ರಾನಿಕ್ ಇಂಜೆಕ್ಷನ್, ಅಂದರೆ ಒಳಗೆ ಹೋಗುವ ಗಾಳಿ ಅಳೆದು ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಸಿಂಪಡಿಸುವ ಸಿಸ್ಟಮ್. ಎಂಟು ತಿಂಗಳು ಹಾಗೇ ನಿಂತಿತ್ತು. ಸೆಲ್ಫ್ ಹೊಡೆದರೆ ಇಂಜಿನ್ ಚೆನ್ನಾಗಿ ತಿರುಗುತ್ತದೆ, ಆದರೆ ಹತ್ತಿಕೊಳ್ಳುವುದಿಲ್ಲ. ಕೀ ಆನ್ ಮಾಡಿದರೆ ಪೆಟ್ರೋಲ್ ಪಂಪಿನ ಸದ್ದೇ ಇಲ್ಲ. ಪಂಪ್ ಹೋಗಿದೆ ಅಂತ ನೀನು ಹೊಸದು ಆರ್ಡರ್ ಮಾಡಿದ್ದೀಯ. ಕಂಪ್ಯೂಟರ್ ಹೋಗಿದೆ ಅಂತ ಭಾವ. ಮಾರಿಬಿಡು ಅಂತ ಅತ್ತಿಗೆ. ಅತ್ತಿಗೆ ಮಾತು ಆಮೇಲೆ ನೋಡೋಣ.

ಮೊದಲು ಪಂಪಿನ ವಿಷಯ. ಕೀ ಆನ್ ಮಾಡಿದಾಗ ಆ ಕಾಲದ ಎಷ್ಟೋ ಕಾರುಗಳಲ್ಲಿ ಪಂಪ್ ಸದ್ದು ಮಾಡುವುದೇ ಇಲ್ಲ. ಅದು ಕೆಟ್ಟಿದ್ದಕ್ಕಲ್ಲ, ಮಾಡಿದ್ದೇ ಹಾಗೆ. ಎಲ್ಲಾದರೂ ಗುದ್ದಿ ಇಂಜಿನ್ ನಿಂತುಹೋದರೆ ಪೆಟ್ರೋಲ್ ಸುರಿಯುತ್ತಲೇ ಇರಬಾರದಲ್ಲ, ಅದಕ್ಕೆ. ಇಂಜಿನ್ ತಿರುಗುತ್ತಿದೆ ಅಂತ ಗೊತ್ತಾದ ಮೇಲೆಯೇ ಪಂಪಿಗೆ ಕರೆಂಟ್. ಕೆಲವು ಕಾರಿನಲ್ಲಿ ಅದನ್ನು ಹೇಳುವುದು ಗಾಳಿ ಅಳೆಯುವ ಡಬ್ಬಿಯೊಳಗಿನ ಸಣ್ಣ ಬಾಗಿಲು. ಇನ್ನು ಕೆಲವದರಲ್ಲಿ ರಿಲೇ, ಅಂದರೆ ಪಂಪಿಗೆ ಕರೆಂಟ್ ಕೊಡುವ ಸ್ವಿಚ್ ಡಬ್ಬಿ, ತಾನೇ ಕಿಡಿ ಹುಟ್ಟಿಸುವ ಇಗ್ನಿಷನ್ ಕಾಯಿಲಿನ ಮಿಡಿತ ನೋಡಿಕೊಳ್ಳುತ್ತದೆ. ನಿನ್ನದು ಯಾವುದು ಅಂತ ತಿಳಿಯುವುದು ಸುಲಭ. ಏರ್ ಫಿಲ್ಟರ್ ಕಡೆಯ ಪೈಪ್ ಬಿಚ್ಚು, ಕೀ ಆನ್ ಇಡು, ಆ ಬಾಗಿಲನ್ನು ಬೆರಳಲ್ಲಿ ಮೆಲ್ಲಗೆ ಒಳಗೆ ತಳ್ಳು. ಟ್ಯಾಂಕ್ ಕಡೆಯಿಂದ ಗುಂಯ್ ಅಂದರೆ ಪಂಪ್ ಬದುಕಿದೆ. ಬೆರಳಿಗೆ ಬಾಗಿಲು ನುಣ್ಣಗೆ ಸರಿಯಬೇಕು, ಎಲ್ಲೂ ಸಿಕ್ಕಿಕೊಳ್ಳಬಾರದು.

ಅಲ್ಲಿ ಸದ್ದು ಬರಲಿಲ್ಲ ಅಂದರೂ ಗಾಬರಿ ಬೇಡ. ರಿಲೇ ಕಿತ್ತು, ಅದು ಕೂರುವ ಜಾಗದಲ್ಲಿ 30 ಮತ್ತು 87 ಅನ್ನುವ ಎರಡು ತೂತಿಗೆ ಫ್ಯೂಸ್ ಇರುವ ಒಂದು ವೈರ್ ಹಾಕಿದರೆ ಪಂಪ್ ನೇರವಾಗಿ ಓಡುತ್ತದೆ. 30 ಅಂದರೆ ಬ್ಯಾಟರಿಯಿಂದ ಬರುವುದು, 87 ಅಂದರೆ ಪಂಪಿಗೆ ಹೋಗುವುದು. ಆದರೆ ಒಂದೇ ಡಬ್ಬಿಯಲ್ಲಿ ಎರಡು ರಿಲೇ ಇರುವ ಹಳೆಯ ಜೋಡಿ ರಿಲೇಗಳಲ್ಲಿ ನಂಬರು ಬೇರೆ ಇರುತ್ತದೆ. ಡಯಾಗ್ರಾಮ್ ನೋಡದೆ ಸುಮ್ನೆ ವೈರ್ ಚುಚ್ಚಬೇಡ.

ಇಷ್ಟು ಹೇಳಿದೆ, ಆದರೆ ನಾನಾಗಿದ್ದರೆ ಪಂಪಿನಿಂದ ಶುರು ಮಾಡುತ್ತಿರಲಿಲ್ಲ. ಕಿಡಿಯಿಂದ ಶುರು ಮಾಡುತ್ತಿದ್ದೆ. ಯಾಕೆ ಗೊತ್ತಾ? ಈ ಸಿಸ್ಟಮ್ಮಿನಲ್ಲಿ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಯಾವಾಗ ತೆರೆಯಬೇಕು ಅಂತ ಕಂಪ್ಯೂಟರಿಗೆ ಗೊತ್ತಾಗುವುದೇ ಇಗ್ನಿಷನ್ ಕಾಯಿಲಿನ ಮೈನಸ್ ವೈರಿನಿಂದ, 1 ಅಂತ ಬರೆದಿರುತ್ತದಲ್ಲ, ಆ ಟರ್ಮಿನಲ್. ಅಲ್ಲಿ ಮಿಡಿತ ಇಲ್ಲ ಅಂದರೆ ಕಿಡಿಯೂ ಇಲ್ಲ, ಪೆಟ್ರೋಲೂ ಇಲ್ಲ. ಎರಡೂ ಒಟ್ಟಿಗೆ ಹೋದಾಗಲೇ ಜನ ಕಂಪ್ಯೂಟರ್ ಹೋಯ್ತು ಅನ್ನುವುದು. ಭಾವ, ಬೇಜಾರು ಮಾಡ್ಕೋಬೇಡಿ. ಆ ಕಂಪ್ಯೂಟರ್ ಡಬ್ಬಿ ಕೆಡುವುದು ತೀರಾ ಅಪರೂಪ. ಅದರ ಸುತ್ತ ಇರುವ ವೈರು, ಕಪ್ಲರು, ರಿಲೇ, ಅರ್ಥಿಂಗು, ಇವೇ ಕೈ ಕೊಡುವುದು.

ಕಿಡಿ ನೋಡುವಾಗ ಸ್ಪಾರ್ಕ್ ಪ್ಲಗ್ಗನ್ನು ಕೈಯಲ್ಲಿ ಹಿಡಿಯಬೇಡ ಮಾರಾಯ, ಸಾವಿರಾರು ವೋಲ್ಟ್ ಅದು. ಪ್ಲಗ್ಗಿನ ಲೋಹ ಇಂಜಿನ್ನಿಗೆ ಗಟ್ಟಿಯಾಗಿ ತಾಗಿರಲಿ. ಅಕ್ಕಪಕ್ಕ ಪೆಟ್ರೋಲ್ ವಾಸನೆ ಇರಬಾರದು. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ಅದಕ್ಕೂ ಮೊದಲು, ಬಿಚ್ಚಿದ ತಕ್ಷಣ ಪ್ಲಗ್ಗಿನ ತುದಿ ನೋಡು. ಅರ್ಧ ಉತ್ತರ ಅಲ್ಲೇ ಇರುತ್ತದೆ. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಒದ್ದೆಯಾಗಿ ಗಮ್ ಅಂತಿದ್ದರೆ ಪೆಟ್ರೋಲ್ ಬರುತ್ತಿದೆ, ಉರಿಯುತ್ತಿಲ್ಲ, ಇಲ್ಲವೇ ಜಾಸ್ತಿ ಬರುತ್ತಿದೆ.

ಜಾಸ್ತಿ ಬರುವುದಕ್ಕೆ ಒಂದು ಕಳ್ಳ ಇದ್ದಾನೆ, ನೀರಿನ ಟೆಂಪರೇಚರ್ ಸೆನ್ಸರ್. ಅದರ ವೈರ್ ತುಂಡಾಗಿದ್ದರೆ ಕಂಪ್ಯೂಟರ್ ಹೊರಗೆ ಹಿಮ ಬೀಳುತ್ತಿದೆ ಅಂದುಕೊಂಡು ಪೆಟ್ರೋಲ್ ಸುರಿಯುತ್ತದೆ. ಮಲ್ಟಿಮೀಟರ್ ಇಟ್ಟರೆ 20 ಡಿಗ್ರಿಯಲ್ಲಿ ಎರಡರಿಂದ ಮೂರು ಸಾವಿರ ಓಮ್, 80 ಡಿಗ್ರಿಯಲ್ಲಿ ಸುಮಾರು 300 ಓಮ್ ತೋರಿಸಬೇಕು. ಆ ಲೆಕ್ಕಕ್ಕೆ ದೂರ ಇದ್ದರೆ ಅವನೇ.

ಈಗ ನನ್ನ ಕಥೆ ಕೇಳು. ನನ್ನ ಹಳೇ ಕಾರು ಬಿಸಿಯಾದಾಗ ನಿಂತುಬಿಡುತ್ತಿತ್ತು. ಅರ್ಧ ಗಂಟೆ ಬಿಟ್ಟರೆ ಏನೂ ಆಗದವರ ಹಾಗೆ ಸ್ಟಾರ್ಟ್. ಪ್ಲಗ್, ಪ್ಲಗ್ ವೈರ್, ಡಿಸ್ಟ್ರಿಬ್ಯೂಟರ್ ಕ್ಯಾಪ್, ಫಿಲ್ಟರ್, ಎಲ್ಲ ಬದಲಾಯಿಸಿದೆ. ಒಬ್ಬ ಮೆಕ್ಯಾನಿಕ್ ಕಂಪ್ಯೂಟರ್ ತರಿಸಿ ಅಂದ. ಕೊನೆಗೆ ಒಂದು ಭಾನುವಾರ ಪಂಪ್ ರಿಲೇಯ ಮುಚ್ಚಳ ಬಿಚ್ಚಿ ಕಿಟಕಿ ಬೆಳಕಿಗೆ ಹಿಡಿದೆ. ಬರಿಗಣ್ಣಿಗೆ ಎಲ್ಲ ಸರಿಯಾಗೇ ಇತ್ತು. ಭೂತಗನ್ನಡಿ ತಂದು ನೋಡಿದರೆ ರಿಲೇಯ ಒಂದು ಪಿನ್ನಿನ ಕಾಲಿನ ಬೆಸುಗೆಯ ಸುತ್ತ ಕೂದಲೆಳೆಯಷ್ಟು ಕಪ್ಪು ಉಂಗುರ. ಕಾಲು ಅಲ್ಲಾಡಿಸಿದರೆ ಬೆಸುಗೆಯ ಮಧ್ಯದಲ್ಲಿ ಅದೊಂದೇ ಅಲ್ಲಾಡುತ್ತಿತ್ತು. ಬಿಸಿಯಾದಾಗ ಬಿಟ್ಟುಕೊಳ್ಳುತ್ತಿತ್ತು, ಆರಿದಾಗ ಕೂಡಿಕೊಳ್ಳುತ್ತಿತ್ತು. ಒಂದು ಚೂರು ಸೀಸ ಇಟ್ಟು ಬಿಸಿ ಮಾಡಿದೆ, ಮುಗಿಯಿತು. ಬಿಚ್ಚಿಹಾಕಿದ ಕ್ಯಾಪು, ಪ್ಲಗ್ಗು ಇನ್ನೂ ಡಬ್ಬದಲ್ಲಿವೆ. ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ.

ನಿನ್ನದು ನಿಂತಿದ್ದ ಕಾರು, ಬಿಸಿಯ ಪ್ರಶ್ನೆಯಲ್ಲ. ನಿನ್ನಲ್ಲಿ ನಾನು ಮೊದಲು ಅನುಮಾನ ಪಡುವುದು ತುಕ್ಕು ಮತ್ತು ಹಳೇ ಪೆಟ್ರೋಲನ್ನು. ಇಂಜಿನ್ನಿಗೆ ಬಿಗಿದಿರುವ ಕಂದು ಅರ್ಥ್ ವೈರುಗಳನ್ನು ಬಿಚ್ಚಿ, ಎಮೆರಿ ಪೇಪರಿನಲ್ಲಿ ಉಜ್ಜಿ, ಮತ್ತೆ ಬಿಗಿ. ಎಂಟು ತಿಂಗಳ ಪೆಟ್ರೋಲನ್ನು ಟ್ಯಾಂಕಿನಿಂದ ತೆಗೆದು ಹೊಸದು ಹಾಕು. ಪೆಟ್ರೋಲ್ ಒಣಗಿ ಅಂಟಾಗಿ ಇಂಜೆಕ್ಟರ್ ಹಿಡಿದುಕೊಂಡಿದ್ದರೂ ಇರಬಹುದು. ಉದ್ದ ಸ್ಕ್ರೂಡ್ರೈವರ್ ತುದಿ ಇಂಜೆಕ್ಟರ್ ಮೇಲಿಟ್ಟು ಹಿಡಿಕೆಯನ್ನು ಕಿವಿಗೆ ಒತ್ತಿ ಹಿಡಿ. ಸೆಲ್ಫ್ ಹೊಡೆದಾಗ ಟಿಕ್ ಟಿಕ್ ಕೇಳಬೇಕು. ಕೂದಲು, ಶರ್ಟಿನ ತೋಳು ಬೆಲ್ಟಿಗೆ ಸಿಗದ ಹಾಗೆ ನೋಡಿಕೋ. ರಬ್ಬರ್ ಪೈಪ್ ಬಿರುಕು ಬಿಟ್ಟಿದ್ದರೆ ಸ್ಟಾರ್ಟ್ ಮಾಡುವ ಮಾತೇ ಬೇಡ. ಒಳಗೆ ಸುಮಾರು 2.5 ಬಾರ್ ಒತ್ತಡ ಇರುತ್ತದೆ, ಬಿಸಿ ಇಂಜಿನ್ ಮೇಲೆ ಚಿಮ್ಮಿದರೆ ಕಾರೇ ಉಳಿಯುವುದಿಲ್ಲ.

ಹಾಂ, ಮರೆತಿದ್ದೆ. ಆಯಿಲ್ ಹಾಕುವ ಮುಚ್ಚಳ, ಡಿಪ್‌ಸ್ಟಿಕ್, ಗಾಳಿ ಪೈಪು, ಎಲ್ಲ ಬಿಗಿಯಾಗಿ ಕೂತಿದೆಯಾ ನೋಡು. ಇವುಗಳಲ್ಲಿ ಗಾಳಿ ಕದ್ದು ಒಳಗೆ ಹೋದರೆ ಗಾಳಿ ಅಳೆಯುವ ಡಬ್ಬಿಗೆ ಲೆಕ್ಕವೇ ಸಿಗುವುದಿಲ್ಲ. ಸ್ಟಾರ್ಟಿಂಗ್ ಸ್ಪ್ರೇ ಹೊಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡ. ಒಳಗೆ ಬ್ಯಾಕ್‌ಫೈರ್ ಆಗಿ ಆ ಸಣ್ಣ ಬಾಗಿಲು ಸೊಟ್ಟಗಾದರೆ ಇಲ್ಲದ ಇನ್ನೊಂದು ತೊಂದರೆ.

ಪಂಪಿನ ಆರ್ಡರ್ ಕ್ಯಾನ್ಸಲ್ ಆಗುತ್ತಾ ನೋಡು. ಇವತ್ತು ಪ್ಲಗ್ ಒಂದೇ ಬಿಚ್ಚಿ, ಬೆಳಕಲ್ಲಿ ಹಿಡಿದು ಫೋಟೋ ಹಾಕು. ಒದ್ದೆಯಾ ಒಣವಾ ಅಂತ ನೋಡಿ ರಾತ್ರಿ ಫೋನ್ ಮಾಡುತ್ತೇನೆ. ಅತ್ತಿಗೆ, ಅಲ್ಲಿಯವರೆಗೆ ಕಾರು ಮಾರಬೇಡಿ.