ಡೆಮಿಂಗ್‌ಗೆ ಹೋಗೋದಾ, ಬೇಡವಾ?

ಮೂಲ ಪೋಸ್ಟ್: ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರು ಡಾಕ್ಟರ್. ಜೆ-1 ವೇವರ್ (ವೀಸಾ ಮುಗಿದ ಮೇಲೆ ತಾಯ್ನಾಡಿಗೆ ಮರಳಬೇಕೆಂಬ ಷರತ್ತಿನಿಂದ ವಿನಾಯಿತಿ) ಮೇಲೆ ನ್ಯೂ ಮೆಕ್ಸಿಕೋದ ಡೆಮಿಂಗ್‌ನಲ್ಲಿ ಕೆಲಸ ಸಿಕ್ಕಿದೆ, 3 ವರ್ಷ ಅಲ್ಲೇ ಇರಬೇಕು. ಲೂನಾ ಕೌಂಟಿ, ಅಂದ್ರೆ ನಮ್ಮ ಜಿಲ್ಲೆಯ ಹಾಗೆ. ಮೆಕ್ಸಿಕೋ ಗಡಿ ಸುಮಾರು 35 ಮೈಲಿ ಅಷ್ಟೇ. ಮಗಳನ್ನು ಎರಡನೇ ಕ್ಲಾಸಿಗೆ ಸೇರಿಸಬೇಕು. ಸ್ಕೂಲಿನ ವಿಷಯ ಕೌಂಟಿ ಆಫೀಸಿನಲ್ಲಿ ಕೇಳಬೇಕಾ? ಯೋಚನೆಯಲ್ಲಿ ನಿದ್ದೆ ಬರುತ್ತಿಲ್ಲ.

ಲಾಸ್ ಕ್ರೂಸಸ್‌ನಿಂದ: ಕೌಂಟಿಯವರನ್ನಲ್ಲ ಮೇಡಂ. ಕೌಂಟಿ ಕಮಿಷನರ್‌ಗಳು ನೋಡೋದು ರಸ್ತೆ, ಜೈಲು, ಬಜೆಟ್. ಶೆರಿಫ್, ಕ್ಲರ್ಕ್, ಮನೆ ತೆರಿಗೆಗೆ ಬೆಲೆ ಕಟ್ಟುವ ಅಸೆಸರ್, ಎಲ್ಲರೂ ಓಟಿನಲ್ಲಿ ಗೆದ್ದು ಬಂದವರೇ. ಶಾಲೆಗೆ ಬೇರೆಯೇ ಬೋರ್ಡ್ ಇದೆ, ಡೆಮಿಂಗ್ ಪಬ್ಲಿಕ್ ಸ್ಕೂಲ್ಸ್. ಮನೆ ವಿಳಾಸದ ದಾಖಲೆ, ಲಸಿಕೆ ಕಾರ್ಡ್, ಬರ್ತ್ ಸರ್ಟಿಫಿಕೇಟ್ ಹಿಡಿದು ಸೀದಾ ಅಲ್ಲಿಗೇ ಹೋಗಿ. ಗಡಿ ಅಂತ ಹೆದರಬೇಡಿ. ಮೆಕ್ಸಿಕೋದ ಪಲೋಮಾಸ್‌ನಲ್ಲಿ ಮನೆ ಇರುವ, ಅಮೆರಿಕದ ಪೌರರಾದ ಮಕ್ಕಳು ಬೆಳಿಗ್ಗೆ ಬ್ಯಾಗ್ ಹಾಕಿಕೊಂಡು ಗಡಿ ದಾಟಿ ಬಂದು ಈ ಕಡೆ ಹಳದಿ ಬಸ್ ಹತ್ತುತ್ತಾರೆ. ಅಲ್ಲಿ ಅದು ದಿನನಿತ್ಯದ ಮಾತು.

ಡಲ್ಲಾಸ್‌ನಿಂದ: ಗಡಿ ಗಡಿಯೇ ತಾಯಿ. 1916ರ ಮಾರ್ಚ್ 9ಕ್ಕೆ ಮೆಕ್ಸಿಕೋದ ಕ್ರಾಂತಿಕಾರಿ ಪಾಂಚೋ ವಿಲ್ಲಾನ ಜನ ನುಗ್ಗಿ ಬೆಂಕಿ ಹಚ್ಚಿದ ಕೊಲಂಬಸ್ ಊರು ಇದೇ ಕೌಂಟಿಯದು. ಅದಿರಲಿ, ಅಲ್ಲಿ ಕನ್ನಡ ಕೂಟ ಇದೆಯಾ? ಮಗು ಸ್ಪ್ಯಾನಿಷ್ ಕಲಿತು ಅಜ್ಜಿ ಜೊತೆ ಮೂಕಿಯಾಗುತ್ತೆ. ಸುಮ್ನೆ ಡಲ್ಲಾಸ್‌ಗೆ ಬನ್ನಿ.

ಫೀನಿಕ್ಸ್‌ನಿಂದ: ಅಂಕಲ್, ವೇವರ್ ಅಂದ ಮೇಲೆ ಹಾಗೆಲ್ಲ ಬಿಟ್ಟು ಬರೋಕಾಗಲ್ಲ. ಆ ಕೊಲಂಬಸ್‌ನಲ್ಲಿ ಈಗ ವಿಲ್ಲಾನ ಹೆಸರಲ್ಲೇ ಸ್ಟೇಟ್ ಪಾರ್ಕ್ ಇದೆ! ಡೆಮಿಂಗ್‌ನಲ್ಲಿ ಆಗಸ್ಟ್ ತಿಂಗಳು ಬಾತುಕೋಳಿ ರೇಸ್ ನಡೆಯುತ್ತೆ, ಮಕ್ಕಳಿಗೆ ಹಬ್ಬ.

ನ್ಯೂಜೆರ್ಸಿಯಿಂದ: ನಾವು ಇರೋದು ಎಡಿಸನ್‌ನಲ್ಲಿ. ಸುತ್ತಮುತ್ತ ನಮ್ಮವರೇ. ಭಾನುವಾರ ತಪ್ಪದೆ ಕನ್ನಡ ಕ್ಲಾಸಿಗೂ ಕಳಿಸಿದ್ವಿ. ಈಗ ಮಗ ಅಜ್ಜಿಗೆ ‘ಹಾಯ್’ ಅಂದು ಫೋನ್ ನನ್ನ ಕೈಗೆ ಕೊಡ್ತಾನೆ. ಕೂಟ ಇದ್ದರೆ ಎಲ್ಲ ಆಗುತ್ತೆ ಅನ್ನೋರಿಗೆ ಏನು ಹೇಳಲಿ.

ಸಿಯಾಟಲ್‌ನಿಂದ: ನಾನು ಅಕ್ಕಲಕೋಟೆಯವಳು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ. ನಮ್ಮ ಬಾಯಿಗೇನೂ ಬೀಗ ಬೀಳಲಿಲ್ಲ. ಸ್ಪ್ಯಾನಿಷ್ ಕಲಿಯಲಿ ಬಿಡಿ, ಗಡಿ ಊರಿನ ಮಕ್ಕಳು ಜಾಣರಾಗ್ತಾರೆ.

ಡಲ್ಲಾಸ್‌ನಿಂದ: ಅಕ್ಕಲಕೋಟೆ ನಮಗೇ ಸೇರಬೇಕಿತ್ತಲ್ಲಮ್ಮಾ! 1967ರ ಮಹಾಜನ್ ವರದಿಯಲ್ಲೇ ಇದೆ. ಬೆಳಗಾವಿ ಮಾತ್ರ ಎತ್ತುತ್ತಾರೆ, ಇದನ್ನು ಯಾರೂ ಕೇಳಲ್ಲ.

ಹ್ಯೂಸ್ಟನ್‌ನಿಂದ: ಅಂಕಲ್, ಸೊಲ್ಲಾಪುರ ಬಿಟ್ಟುಬಿಟ್ರಾ?